ಚೆನ್ನಾಗಿದೆ ಎಂದವರು

ಸುತ್ತಲಿನವರೆಲ್ಲ ನನಗೆ ಸುಳ್ಳು ಹೇಳಿದರು ಎಂದು ಬಹಳ ಕಾಲ ನಂಬಿದ್ದೆ. ಈಗ ಬರೆಯಲು ಕುಳಿತರೆ ಅದು ಅಷ್ಟು ಸರಳವಾಗಿರಲಿಲ್ಲ ಅನ್ನಿಸುತ್ತದೆ. ಸಿಟ್ಟು ಮಾತ್ರ ಇಳಿದಿಲ್ಲ.

ತೊಂಬತ್ತರ ದಶಕದ ಕೊನೆ. ಬೆಳೆಗಾರರು ಸರ್ಕಾರದ ಮಂಡಳಿಗೆ ಒಪ್ಪಿಸದೆ ತಮ್ಮ ಕಾಫಿಯನ್ನು ತಾವೇ ಮಾರಬಹುದು ಎಂದಾಗಿ ಕೆಲವು ವರ್ಷ ಕಳೆದಿತ್ತು. ನಾನು ಮೂಡಿಗೆರೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಗಂಡನ ಮನೆಯ ತೋಟ ಬಾಳೂರಿನ ಹತ್ತಿರ. ಆ ತೋಟದ ಬೀಜವನ್ನೇ ಹುರಿಸಿ, ಪುಡಿ ಮಾಡಿಸಿ ಮಾರಲು ಶುರುಮಾಡಿದೆ. ಕಾಲೇಜು ಬಿಟ್ಟು ಇದಕ್ಕೇ ನಿಲ್ಲಬೇಕೆಂಬ ಆಸೆ. ಕಾಲೇಜು ಮತ್ತೆ ತೆರೆಯುವ ಜೂನಿನೊಳಗೆ ತೀರ್ಮಾನಿಸಬೇಕಿತ್ತು. ಪುಡಿ ನಿಜಕ್ಕೂ ಹೇಗಿದೆ ಎಂದು ಯಾರಾದರೂ ಹೇಳಬೇಕಿತ್ತು.

ನಾನು ಕೇಳಿದ್ದಾದರೂ ಹೇಗೆ? ಮನೆಗೆ ಬಂದವರ ಕೈಗೆ ಲೋಟ ಕೊಟ್ಟು, ಎದುರಿಗೇ ನಿಂತು. ನೆಂಟರು ಚೆನ್ನಾಗಿದೆ ಎಂದರು. ತೋಟದ ಲೆಕ್ಕ ಬರೆಯುವ ರೈಟರು ಕುಡಿಯುವ ಮೊದಲೇ ಚೆನ್ನಾಗಿದೆ ಎಂದರು. ಕಳಸದ ಬಸ್ ನಿಲ್ದಾಣದ ಬಳಿಯ ಹೋಟೆಲಿನ ಮಾಲೀಕರು ವಾರವಾರವೂ ಪುಡಿ ತೆಗೆದುಕೊಳ್ಳುತ್ತಿದ್ದರು. ಪ್ರತಿ ಸೋಮವಾರ ನಾನು ಹೋದಾಗ ಅದರದೇ ಕಾಫಿ ಮಾಡಿಸಿ ಕೊಡುತ್ತಿದ್ದರು. ‘ನಿಮ್ಮ ಪುಡಿ ಬಂದ ಮೇಲೆ ಬೇರೇದು ಮುಟ್ಟಿಲ್ಲ ಅಕ್ಕಾ’ ಎನ್ನುತ್ತಿದ್ದರು.

ಒಮ್ಮೆ ಕಾಲೇಜಿನ ಕೆಲಸಕ್ಕೆಂದು ಗುರುವಾರ ಕಳಸಕ್ಕೆ ಹೋದೆ. ಹೋಟೆಲಿನಲ್ಲಿ ಮಾಲೀಕರಿರಲಿಲ್ಲ. ಸಪ್ಲೈಯರ್ ತಂದಿಟ್ಟ ಕಾಫಿ ಬಹಳ ಚೆನ್ನಾಗಿತ್ತು. ಅದು ನನ್ನ ಪುಡಿಯಲ್ಲ.

ಅಷ್ಟರಲ್ಲಿ ಮಾಲೀಕರು ಬಂದರು. ನನ್ನನ್ನೂ ಲೋಟವನ್ನೂ ನೋಡಿದರು.

‘ನನ್ನ ಪುಡಿ ಎಲ್ಲಿ?’

‘ಇದೆ ಅಕ್ಕಾ, ಒಳಗಿದೆ.’

‘ಸೋಮವಾರ ನನಗೊಬ್ಬಳಿಗೇ ಹಾಕೋದಾ?’

ಅವರು ಟೇಬಲ್ ಒರೆಸತೊಡಗಿದರು. ‘ಎಸ್ಟೇಟ್ ಮನೆಯವ್ರಿಗೆ ಹೇಗೆ ಹೇಳೋದು, ನೀವೇ ಹೇಳಿ. ನಿಮ್ಮ ಮಾವನವ್ರ ಮುಖ ನೋಡಿ ತಗೊಂಡೆ. ನೀವು ಬೇಜಾರು ಮಾಡ್ಕೊಳ್ತಿದ್ರಿ.’

‘ಈಗ ಮಾಡ್ಕೊಂಡಿಲ್ವಾ? ಪುಡೀಲಿ ಏನು ತಪ್ಪಿದೆ ಅಂತಾದ್ರೂ ಹೇಳಿ.’

‘ತಪ್ಪು ಅಂತೇನಿಲ್ಲ. ಜನ ಏನೇನೋ ಹೇಳ್ತಾರೆ.’

ಆಗಲೂ ಅವರ ಬಾಯಿಂದ ನೇರ ಮಾತು ಬರಲಿಲ್ಲ. ಹೊರನಾಡಿಗೆ ಹೋಗುವ ಜೀಪಿನ ಡ್ರೈವರ್ ಒಬ್ಬ ಮೂಲೆಯಲ್ಲಿ ಕೂತಿದ್ದ. ಅವನಿಗೆ ನನ್ನ ಪುಡಿಯ ಕಾಫಿ ಕೊಡಿ, ಯಾರದೆಂದು ಹೇಳಬೇಡಿ ಎಂದೆ. ನನ್ನ ದನಿ ಏರಿತ್ತೇನೋ, ಅವರು ಕೂಡಲೇ ಒಳಗೆ ಹೋದರು.

ಡ್ರೈವರ್ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ‘ಏನ್ ಮಾರಾಯ ಇದು, ತಳ ಹಿಡಿದಿದ್ದು ಕೆರೆದು ಕೊಟ್ಯಾ? ಎಸ್ಟೇಟ್ ಮನೆಗೆ ಜೀಪ್ ಬಾಡಿಗೆಗೆ ಹೋದ್ರೆ ಕೊಡ್ತಾರಲ್ಲ, ಅದೇ ಕಾಫಿ. ಅಲ್ಲಾದ್ರೆ ಪುಕ್ಕಟೆ.’

ಇಲ್ಲಿ ಬರೆದ ಉಳಿದ ಮಾತುಗಳನ್ನು ನನ್ನ ಸಿಟ್ಟು ಅಷ್ಟಿಷ್ಟು ತಿದ್ದಿರಬಹುದು. ಇದನ್ನು ತಿದ್ದಿಲ್ಲ.

ದಾರಿಯುದ್ದಕ್ಕೂ ಅದೇ ಯೋಚನೆ. ನಮ್ಮ ಕಡೆ ತೋಟದವರು ಒಳ್ಳೆಯ ಬೀಜವನ್ನೆಲ್ಲ ಮಾರುತ್ತಾರೆ. ನೆಲಕ್ಕೆ ಬಿದ್ದು ಕಪ್ಪಾದದ್ದು, ಒಡೆದದ್ದು, ಕಣದಲ್ಲಿ ಗುಡಿಸಿ ತೆಗೆದದ್ದು ಮನೆಖರ್ಚಿಗೆ. ಅದರ ವಾಸನೆ ಗೊತ್ತಾಗದಂತೆ ಕಪ್ಪಗೆ ಹುರಿಯುತ್ತಾರೆ. ನನಗೆ ಪುಡಿಗೆಂದು ಮನೆಯವರು ಕೊಟ್ಟಿದ್ದೂ ಆ ಬೀಜವನ್ನೇ. ನಾನೂ ಮದುವೆಯಾದಾಗಿನಿಂದ ಅದನ್ನೇ ಕುಡಿದು, ಕಾಫಿ ಎಂದರೆ ಇದೇ ಎಂದುಕೊಂಡಿದ್ದೆ. ನೆಂಟರು ಸುಳ್ಳು ಹೇಳಿರಲಿಲ್ಲ. ಅವರ ಮನೆಯಲ್ಲೂ ಅದೇ ರುಚಿ. ಹಾಗೆಂದು ಸಿಟ್ಟು ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು.

ಮನೆಗೆ ಬಂದವಳೇ ಗಂಡನನ್ನು ಪಾರ್ಚ್‌ಮೆಂಟ್ ಕೇಳಿದೆ. ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಆ ಒಳ್ಳೆಯ ಬೀಜ ಗೋದಾಮಿನ ತುಂಬ ಇತ್ತು.

ಅವರು ನಕ್ಕರು. ‘ಅದು ಮಾರೋಕೆ ಮಾರಾಯ್ತಿ. ಯಾರಾದ್ರೂ ಅದನ್ನ ಪುಡಿ ಮಾಡ್ತಾರಾ?’

‘ನಾನು ಮಾರ್ತಿರೋದು ಕಸ ಅಂತ ನಿಮಗೆ ಗೊತ್ತಿತ್ತಾ?’

‘ಏನೋ ಹೊತ್ತು ಹೋಗ್ಲಿ ಅಂತ ಮಾಡ್ತಿದ್ದೀಯ ಅಂದ್ಕೊಂಡಿದ್ದೆ.’

ನನ್ನ ಕೆಲಸದ ಬಗ್ಗೆ ಆ ಮನೆಯಲ್ಲಿ ಕೇಳಿದ ಮೊದಲ ನಿಜವಾದ ಮಾತು ಅದು. ಮಾರನೆಯ ಬೆಳಿಗ್ಗೆ ಪಕ್ಕದ ತೋಟಕ್ಕೆ ಹೋಗಿ, ನನ್ನ ಸಂಬಳದಲ್ಲಿ ಒಂದು ಮೂಟೆ ಪಾರ್ಚ್‌ಮೆಂಟ್ ಕೊಂಡು, ಹಾಡಹಗಲೇ ಜೀಪಿನಲ್ಲಿ ನಮ್ಮ ಮನೆಯಂಗಳಕ್ಕೆ ತಂದು ಇಳಿಸಿದೆ. ಜೂನಿನಲ್ಲಿ ಕಾಲೇಜು ಬಿಡಲಿಲ್ಲ. ಇನ್ನೊಂದು ಮೂಟೆ ಕೊಳ್ಳಲು ಸಂಬಳ ಬೇಕಿತ್ತು.