ಬಸುರಿ ವಾಂತಿ ಅಂದುಕೊಂಡಿದ್ದು

ಅಂಗನವಾಡಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು ನಾನು. ಬೆಟ್ಟದಪುರದ ಸುತ್ತಿನ ಎಷ್ಟೋ ಬಸುರಿಯರನ್ನು ಎದುರು ಕೂರಿಸಿಕೊಂಡು ಮೊಟ್ಟೆ ತಿನ್ನಿಸಿದ್ದೇನೆ. ಕಬ್ಬಿಣದ ಮಾತ್ರೆ ನುಂಗದೆ ಸೆರಗಿಗೆ ಗಂಟು ಹಾಕಿಕೊಂಡವರನ್ನು ಹಿಡಿದು ಬೈದಿದ್ದೇನೆ. ಗಂಡಂದಿರನ್ನೂ ಬಿಟ್ಟವಳಲ್ಲ. ಬಸುರಿ ಇರುವ ಮನೆಯೊಳಗೆ ಬೀಡಿ ಹಚ್ಚಿದರೆ ಅಂಗಳಕ್ಕೆ ಅಟ್ಟುತ್ತಿದ್ದೆ. ನಮ್ಮ ಯಜಮಾನರು ಬೀಡಿ ಬಿಟ್ಟಿದ್ದೂ ನನ್ನ ಬಾಯಿಗೆ ಹೆದರಿಯೇ.

ಹೋದ ವರ್ಷ ಸೊಸೆ ಬಸುರಿಯಾದಾಗ ಈ ವಿದ್ಯೆಯೆಲ್ಲ ಅವಳ ಮೇಲೆ ಪ್ರಯೋಗವಾಯಿತು. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಮುದ್ದೆ ಬಸ್ಸಾರು, ಸಂಜೆ ದೊಡ್ಡ ಲೋಟದ ತುಂಬ ಹಾಲು. ತಿಂದು ಮಲಗಿದರೆ ಹೆರಿಗೆ ಕಷ್ಟ ಅನ್ನುವುದು ನನ್ನ ಗಟ್ಟಿ ನಂಬಿಕೆ. ಹುಣಸೂರಿನಲ್ಲಿ ಬೂಟು ಹಾಕಿಕೊಂಡು ಮೈದಾನ ಸುತ್ತುವವರನ್ನು ಕಂಡರೆ ನನಗೆ ನಗು ಬರುತ್ತದೆ. ಮನೆಯಲ್ಲೇ ಇಷ್ಟು ಕೆಲಸ ಬಿದ್ದಿರುವಾಗ ವಾಕಿಂಗ್ ಯಾಕೆ? ಅದು ಹೊಗೆಸೊಪ್ಪು ಮುರಿಯುವ ಕಾಲ. ಹೊಲದ ಕೆಲಸ ಬೇಡವೆಂದು ಅವಳನ್ನು ಚಪ್ಪರದ ನೆರಳಲ್ಲಿ ಹಸಿ ಸೊಪ್ಪನ್ನು ಒಣಗಿಸುವುದಕ್ಕೆಂದು ಕಡ್ಡಿಗೆ ಕಟ್ಟಲು ಹಚ್ಚಿದೆ. ಹಗುರ ಕೆಲಸ, ಮೈಗೂ ಒಂದಿಷ್ಟು ವ್ಯಾಯಾಮ ಅಂದುಕೊಂಡೆ.

ಸೊಪ್ಪು ಮಳೆಗೆ ನೆನೆದು ಬರುತ್ತಿತ್ತು. ಸಂಜೆಯಾದರೆ ಅವಳಿಗೆ ವಾಂತಿ, ಗೋಡೆ ಹಿಡಿದು ನಡೆಯುವಷ್ಟು ತಲೆಸುತ್ತು. ಐದು ತಿಂಗಳಾದರೂ ನಿಂತಿಲ್ಲವಲ್ಲ ಎಂದು ಪಕ್ಕದ ಮನೆಯಾಕೆ ಕೇಳಿದಾಗ ನಾನೇ ಸಮಾಧಾನ ಹೇಳಿದೆ. "ಕೆಲವ್ರಿಗೆ ಅಂಗೇ ಕಣ್ರೀ, ಒಂಬತ್ ತಿಂಗ್ಳೂ ಇರ್ತದೆ." ಜೀರಿಗೆ ಕಷಾಯ ಕುಡಿಸಿ, ಮಾರನೆಯ ದಿನ ಮತ್ತೆ ಚಪ್ಪರಕ್ಕೆ ಕಳಿಸಿದೆ.

ತಿಂಗಳ ತಪಾಸಣೆಗೆ ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋದರೆ, ತೂಕ ಏರುವ ಬದಲು ಇಳಿದಿತ್ತು. ಡಾಕ್ಟರಮ್ಮ ಅವಳ ಅಂಗೈ ತಿರುಗಿಸಿ ನೋಡಿದರು. ಸೊಪ್ಪಿನ ಅಂಟು ಹಿಡಿದು ಕಪ್ಪಗಾಗಿತ್ತು.

"ಇವರನ್ನ ಹೊಗೆಸೊಪ್ಪಿನ ಕೆಲಸಕ್ಕೆ ಕಳಿಸ್ತೀರಾ?"

"ಕಟ್ಟೋದಷ್ಟೇ ಮೇಡಂ, ಮುರಿಯಕ್ಕೆ ಕಳ್ಸಲ್ಲ" ಅಂದೆ, ದೊಡ್ಡ ಉಪಕಾರ ಮಾಡಿದವಳ ಹಾಗೆ.

ಹಸಿ ಸೊಪ್ಪಿನ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯುತ್ತದೆ, ಸೊಪ್ಪು ಒದ್ದೆಯಾಗಿದ್ದರೆ ಇನ್ನೂ ಹೆಚ್ಚು, ಈ ವಾಂತಿ ಅದರದ್ದೇ ಇರಬಹುದು ಎಂದರು. "ಬೀಡಿಯಲ್ಲಿರೋದೂ ಅದೇ ಅಲ್ವಾ? ಮಗುವಿಗೂ ಹೋಗುತ್ತೆ. ಇವತ್ತಿಂದಲೇ ನಿಲ್ಲಿಸಿ."

ಊರಿನ ಗಂಡಸರನ್ನೆಲ್ಲ ಗದರಿಸಿದ ನಾನು, ಹುಟ್ಟದ ಮೊಮ್ಮಗುವಿಗೆ ಕೈಯಾರೆ ಅದನ್ನೇ ಉಣಿಸುತ್ತಿದ್ದೆ. ಹುಟ್ಟಿದಾಗಿನಿಂದ ಸೊಪ್ಪಿನ ನಡುವೆಯೇ ಬದುಕಿದವಳಿಗೆ ಇಷ್ಟು ಗೊತ್ತಿರಲಿಲ್ಲ. ಮಗುವಿನ ಎದೆಬಡಿತ ಸರಿಯಾಗಿದೆ ಎಂದು ಡಾಕ್ಟರಮ್ಮ ಹೇಳುವವರೆಗೆ ಅವರ ಮುಖವನ್ನೇ ನೋಡುತ್ತ ನಿಂತಿದ್ದೆ.

ಹೊರಗೆ ಬೆಂಚಿನ ಮೇಲೆ ಕೂತು ಸೊಸೆಯನ್ನು ಕೇಳಿದೆ. "ಸೊಪ್ಪು ಕಟ್ದ ದಿನ್ವೇ ವಾಂತಿ ಬತ್ತಿತ್ತಾ? ನಿಂಗೆ ಗೊತ್ತಾಗ್ನಿಲ್ವಾ?"

"ಗೊತ್ತಿತ್ತು ಅತ್ತೆ. ಕೆಲ್ಸ ಇಲ್ದಿದ್ ದಿನ ಏನೂ ಆಯ್ತಿರ್ನಿಲ್ಲ." ತಲೆ ತಗ್ಗಿಸಿಕೊಂಡೇ ಹೇಳಿದಳು. "ಯೇಳಿದ್ರೆ, ಕೆಲ್ಸ ತಪ್ಪಿಸ್ಕೊಳಕ್ಕೆ ನೆವ ಅಂತಿದ್ರಿ."

ಅನ್ನುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ.