ಮಂಗಳದ ನಂತರದ ಎಂಟು ನಿಮಿಷ

ನಾಲ್ಕು ಜನರ ನಡುವೆ ಕೆಮ್ಮು ಬಂದರೂ ಸೆರಗು ಒತ್ತಿ ನುಂಗುವವಳು ನಾನು. ನನ್ನ ತಮ್ಮ, ನಿಮ್ಮ ಈರೇಶಜ್ಜ, ಕಟ್ಟಿದ ಬ್ಯಾಂಡ್ ಯಾಕೆ ನಾಲ್ಕೇ ತಿಂಗಳಿಗೆ ನಿಂತಿತು ಎಂದು ಮೊನ್ನೆ ಮೊಮ್ಮಕ್ಕಳೆಲ್ಲ ಕೇಳಿದಿರಲ್ಲ, ಆಗಲೂ ಸುಮ್ಮನಿದ್ದೆ. ಬರೆಯುವುದಾದರೆ ಅಡ್ಡಿಯಿಲ್ಲ. ಕಾಗದ ಮುಖ ನೋಡುವುದಿಲ್ಲ.

ಆಗ ಅವನು ದೋಣಿಮಲೈ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದ. ಕ್ವಾರ್ಟರ್ಸ್‌ನಲ್ಲಿ ರಾತ್ರಿ ಪಾಳಿಯವರು ಹಗಲು ಮಲಗುತ್ತಾರೆ. ಡ್ರಮ್ ಬಾರಿಸಿದರೆ ಚಪ್ಪಲಿ ಬರುತ್ತಿತ್ತು. ಹಾಗಾಗಿ ರಜೆ ಸಿಕ್ಕಾಗಲೆಲ್ಲ ಅವನೂ ಮೂವರು ಗೆಳೆಯರೂ ನಮ್ಮೂರು ಮೆಟ್ರಿಗೆ, ನಮ್ಮ ಮನೆಯ ಭತ್ತದ ಕೋಣೆಗೆ ಬರುತ್ತಿದ್ದರು. ಗೋಡೆಗೊತ್ತಿದ ಚೀಲಗಳು ಸದ್ದನ್ನು ಚೆನ್ನಾಗಿ ಕುಡಿಯುತ್ತಿದ್ದವು. ಹೊರಗೆ ಸೋರಿದ್ದು ನನ್ನ ಪಾಲಿಗೆ.

"ಇದಕ್ಕ ಪ್ರೊಗ್ರೆಸಿವ್ ರಾಕ್ ಅಂತಾರಕ್ಕ."

"ಅಂದ್ರ?"

"ಹಾಡು ಒಂದ್ ಕಡೆ ನಿಲ್ಲಂಗಿಲ್ಲ. ತಾಳ ಬದಲಿಸ್ಕೊಂತ ಮುಂದ ಮುಂದ ಹೋಗ್ತದ."

"ನಿಮ್ಮ ಮಾವನ ಮಾತಿದ್ದಂಗ ಅನ್ನು."

ಒಳಗಿಂದ ಆ ಮಾವ, ಅಂದರೆ ನಿಮ್ಮ ಅಜ್ಜ, ಕೆಮ್ಮಿದರು.

ಇಪ್ಪತ್ತು ನಿಮಿಷದ ಒಂದೇ ಹಾಡು ಅವರದು. ಮೊದಲು ಏಳರ ಎಣಿಕೆಯ ತಾಳ, ಆಮೇಲೆ ಐದರದು. ಅಕ್ಕಿ ಆರಿಸುತ್ತ ನನ್ನ ಬೆರಳೂ ಎಣಿಸುತ್ತಿತ್ತು. ನಡುವೆ ಎಲ್ಲ ವಾದ್ಯಗಳೂ ಒಮ್ಮೆಲೇ ನಿಲ್ಲುತ್ತವೆ. ಹದಿನಾಲ್ಕು ಎಣಿಸುವವರೆಗೆ ಮೌನ. ನಿಜವಾದ ಹಾಡು ಅಲ್ಲಿಂದಾಚೆಗೆ.

ಶ್ರಾವಣದಲ್ಲಿ ಗಿಟಾರಿನವನಿಗೆ ದೂರದೂರಿಗೆ ವರ್ಗವಾಯಿತು. "ಅವ ಹೋಗೋದ್ರೊಳಗ ಒಮ್ಮ್ಯಾದ್ರೂ ಮಂದಿ ಮುಂದ ಪೂರ್ತಿ ನುಡಿಸ್ಬೇಕಕ್ಕ" ಎಂದು ಈರೇಶ ಪಟ್ಟು ಹಿಡಿದ. ನಿಮ್ಮ ಅಜ್ಜ ಭಜನಾ ಮಂಡಳಿಯ ಹಿರಿಯ ಬಸಣ್ಣಜ್ಜನನ್ನು ಒಪ್ಪಿಸಿದರು: ಕೊನೆಯ ಸೋಮವಾರ, ಈಶ್ವರನ ಗುಡಿಯಲ್ಲಿ, ಭಜನೆಯ ಕೊನೆಗೆ, ಮಂಗಳಕ್ಕೆ ಮುಂಚೆ.

ಊರು ಶ್ರದ್ಧೆಯಿಂದಲೇ ಕೇಳಿತು. ಏಳು ಮುಗಿಯಿತು, ಐದು ಮುಗಿಯಿತು. ಮೌನ ಬಂತು. ನಾನು ಒಂಬತ್ತು ಎಣಿಸಿದ್ದೆ, ಬಸಣ್ಣಜ್ಜ ತಾಳ ಎತ್ತಿಕೊಂಡು ಮಂಗಳ ಶುರು ಮಾಡಿದ. ಜನ ಎದ್ದು ಕೈಮುಗಿದರು. ನಮ್ಮಲ್ಲಿ ಮಂಗಳ ಹಾಡಿದ ಮೇಲೆ ಮತ್ತೆ ವಾದ್ಯ ಮುಟ್ಟುವುದಿಲ್ಲ. ಮುಟ್ಟಿದರೆ ದೇವರನ್ನು ಮಲಗಿಸಿ ಎಬ್ಬಿಸಿದಂತೆ.

ಈರೇಶ ಹೆಂಗಸರ ಸಾಲಿನಲ್ಲಿದ್ದ ನನ್ನ ಕಡೆ ನೋಡಿದ. ಇನ್ನೂ ಎಂಟು ನಿಮಿಷ ಉಳಿದಿದೆ ಎಂದು ಆ ಗುಂಪಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಮಂಗಳದ ಮೊದಲ ಸಾಲಿಗೇ "ಇನ್ನೂ ಐತ್ರಿ" ಅಂದಿದ್ದರೆ ಮುದುಕ ನಿಲ್ಲಿಸುತ್ತಿದ್ದ. ನನ್ನ ನಾಲಿಗೆ ಏಳಲಿಲ್ಲ. ಈರೇಶ ತನ್ನ ಕೀಬೋರ್ಡಿಗೆ ಬಟ್ಟೆ ಹೊದಿಸಿ ಆರತಿ ತಗೊಂಡ.

"ಭಾಳ ಚಲೋ ಮುಗಿಸಿದ್ರಪ್ಪ," ಎಂದ ಬಸಣ್ಣಜ್ಜ. "ಈಗಿನ ಹುಡುಗ್ರಿಗೆ ಎಲ್ಲಿ ನಿಲ್ಲಿಸ್ಬೇಕು ತಿಳಿಯಂಗಿಲ್ಲ."

ಗಿಟಾರಿನವನು ಆ ವಾರವೇ ಹೊರಟ. ಬ್ಯಾಂಡಿನ ಇತಿಹಾಸ ಇಷ್ಟೇ.

ಇಷ್ಟು ವರ್ಷದ ಮೇಲೆ, ನೀವು ಕೇಳಿದ್ದಕ್ಕೇ, ನಿನ್ನೆ ಈರೇಶನಿಗೆ ತಪ್ಪೊಪ್ಪಿಕೊಂಡೆ. ಅವನು ನಕ್ಕ. "ಬಿಡಕ್ಕ. ಆ ಕೊನೀ ಭಾಗ ನಮಗ ಒಮ್ಮೀನೂ ಸರಿ ಬಂದಿರ್ಲಿಲ್ಲ. ಬಸಣ್ಣಜ್ಜ ನಮ್ಮ ಮಾನ ಉಳಿಸಿದ."

ಭತ್ತದ ಕೋಣೆಯ ಬಾಗಿಲಾಚೆ ಕೂತು ಅದನ್ನು ಎಷ್ಟೋ ಸಲ ಕೇಳಿದವಳು ನಾನು. ಚೆನ್ನಾಗಿಯೇ ಬರುತ್ತಿತ್ತು. ಆದರೂ ನಿನ್ನೆ ಹೌದೇನೋ ಎಂಬಂತೆ ತಲೆಯಾಡಿಸಿ ಸುಮ್ಮನಾದೆ. ಅಂದು ಗುಡಿಯಲ್ಲಿ ಬಾಯಿ ಕಟ್ಟಿದ್ದು ನಾಚಿಕೆ. ಈ ಸಲದ್ದು ನಾಚಿಕೆಯಲ್ಲ.