ಕಂಬಳಿರಾಯ ಬಿಟ್ಟುಹೋದ ಕುರಿಗಳು

ಐಮಂಗಲದ ಏಕನಾಥಮ್ಮ ಮೂವತ್ತು ವರ್ಷದಿಂದ ಕುರಿ ಕಾಯುತ್ತಾಳೆ, ಇಪ್ಪತ್ತು ವರ್ಷದಿಂದ 'ಕಂಬಳಿರಾಯ' ಓದುತ್ತಾಳೆ. ಕಂಬಳಿರಾಯ ಎಂದರೆ ತಿಂಗಳಿಗೊಮ್ಮೆ ಬರುವ ಕಾಮಿಕ್ಸ್ ಪುಸ್ತಕದ ವೀರ. ದಿನವೂ ಕುರಿ ಕಾಯುವವನು, ಊರಿಗೆ ಆಪತ್ತು ಬಂದರೆ ಹೆಗಲ ಕಂಬಳಿ ಬೀಸಿ ಹಾರುವವನು. ಹೊಸಬರು ಬಂದು ಕಥೆ ಬರೆಯಲು, ಚಿತ್ರ ಬಿಡಿಸಲು ಶುರುಮಾಡಿ ಮೂರು ತಿಂಗಳಾಗಿತ್ತು. ಅಷ್ಟರಲ್ಲೇ ಸರಣಿಯನ್ನೇ ಮುಗಿಸಿಬಿಟ್ಟರು.

ಮಗಳು ಕಾವ್ಯಶ್ರೀ ಹಿರಿಯೂರಿನಿಂದ ಕೊನೆಯ ಸಂಚಿಕೆ ತಂದು ಕುರಿ ಮೇಯುವಲ್ಲಿಗೇ ಬಂದು ಕೊಟ್ಟಳು. ಜಾಲಿಮರದ ನೆರಳಲ್ಲಿ ಕೂತು ಮೊದಲ ಪುಟ ತೆರೆದದ್ದೇ ಏಕನಾಥಮ್ಮನಿಗೆ ಮೈ ಉರಿಯಿತು.

"ನೋಡೇ ಇಲ್ಲಿ, ಚಿತ್ರ ಬರೆದೋನು ಕುರಿ ಬಾಲನೆಲ್ಲಾ ಮೇಲಕ್ಕೆ ಎತ್ತವ್ನೆ. ಬಾಲ ಎತ್ಕಂಡಿರಾದು ಮೇಕೆ ಕಣೇ. ಇಂಥೋರ ಕೈಗೆ ಇದನ್ನ ಯಾರು ಕೊಟ್ರು?"

"ಬಾಲ ಯಾರು ನೋಡ್ತಾರೆ ಬಿಡವ್ವ. ಕತೆ ಹೆಂಗೈತೆ?"

ಕಥೆ ಬಾಲಕ್ಕಿಂತ ಕೆಟ್ಟದಾಗಿತ್ತು. ಕೊನೆಯ ಪುಟದಲ್ಲಿ ಕಂಬಳಿರಾಯ ಇನ್ನು ಬರುವುದಿಲ್ಲವೆಂದು ಹೇಳಿ, ಮುಳುಗುವ ಸೂರ್ಯನ ಕಡೆಗೆ ಹಾರಿಹೋದ. ಕೆಳಗೆ ಬಯಲಲ್ಲಿ ಕುರಿಗಳು ಹಾಗೇ ನಿಂತಿದ್ದವು.

"ಹೋಗೋನು ಹೋಗ್ಲಿ. ಕುರಿ ಯಾರಿಗೆ ಒಪ್ಸಿ ಹೋದ? ಹೊತ್ತು ಮುಳುಗ್ತಾ ಐತೆ, ತೋಳ ಬರಾ ಹೊತ್ತು. ಬರೆಯೋಕೆ ಮುಂಚೆ ನಮ್ಮಂಥೋರನ್ನ ಒಂದು ಮಾತು ಕೇಳಬಾರ್ದಾ?"

"ಅವ್ವ, ಅದು ಬರೀ ಚಿತ್ರ."

ಏಕನಾಥಮ್ಮ ಮಗಳ ಬ್ಯಾಗಿನಿಂದ ಪೆನ್ನು ಕಿತ್ತುಕೊಂಡು ಆ ಪುಟದ ಕುರಿಗಳ ಸುತ್ತ ಮುಳ್ಳುಬೇಲಿ ಎಳೆದಳು. ಬೇಲಿಯ ಬಾಯಲ್ಲಿ ಒಂದು ನಾಯಿ ಬರೆದಳು. ನಾಯಿಯೊಂದೇ ಸಾಲದು ಅನ್ನಿಸಿ, ಪಕ್ಕದಲ್ಲಿ ಕೋಲು ಹಿಡಿದು ಕೂತ ಒಬ್ಬ ಹೆಂಗಸನ್ನು ಬರೆದು, ಅವಳ ಹೆಗಲಿಗೂ ಒಂದು ಕಂಬಳಿ ಹೊದಿಸಿದಳು.